ಮುನಿಯನ ಎಡಸುತ್ತು

ನಮ್ಮ ಮನೆಯ ಅಂಗಳದಲ್ಲಿ ಯಾರೂ ಎಡಕ್ಕೆ ಸುತ್ತುತ್ತಿರಲಿಲ್ಲ. ಹೆಗ್ಗನಹಳ್ಳಿಯ ಆ ಅಂಗಳದ ನಟ್ಟನಡುವೆ ಮೊಣಕಾಲೆತ್ತರದ ಒಂದು ಕಲ್ಲಿತ್ತು. ಅದೇ ಮುನೇಶ್ವರ. ಗುಡಿಯಿಲ್ಲ, ಸೂರಿಲ್ಲ, ಎಣ್ಣೆ ಕುಡಿದು ಕಪ್ಪಗಾದ ಮೈ, ಅದರ ಮೇಲೆ ಅರಿಶಿನ ಕುಂಕುಮ, ಮಂಗಳವಾರ ಒಂದು ನಿಂಬೆಹಣ್ಣು. ಲಾಯದಿಂದ ಗೇಟಿಗೆ ಹೋಗುವವರು, ಬಚ್ಚಲಿಂದ ಒಳಗೆ ಬರುವವರು, ಎಲ್ಲರೂ ಅವನನ್ನು ಬಲಗೈ ಕಡೆಗೆ ಇಟ್ಟುಕೊಂಡೇ ನಡೆಯಬೇಕು. ಮಳೆ ಸುರಿಯುತ್ತಿದ್ದರೂ ಸರಿ, ಕೈಯಲ್ಲಿ ಬಿಸಿ ಪಾತ್ರೆ ಇದ್ದರೂ ಸರಿ, ಹತ್ತಿರದ ದಾರಿ ಎಂದು ಎಡಗಡೆಯಿಂದ ನುಗ್ಗುವಂತಿರಲಿಲ್ಲ. ಹಾಲಿನವನಿಗೂ ಗೊತ್ತಿತ್ತು, ಕರೆಂಟ್ ಮೀಟರ್ ನೋಡಲು ಬರುವವನಿಗೂ ಗೊತ್ತಿತ್ತು. ಗೊತ್ತಿಲ್ಲದ ಹೊಸಬರು ಬಂದರೆ ಜಗಲಿಯ ಮೇಲೆ ಕೂತ ಅಜ್ಜಿ, ಎಂದರೆ ನನ್ನ ಅಪ್ಪನ ತಾಯಿ, ಕೈಯಲ್ಲಿದ್ದ ಮೊರವನ್ನು ನೆಲಕ್ಕೆ ಕುಟ್ಟಿ ಅವರನ್ನು ನಿಲ್ಲಿಸುತ್ತಿದ್ದಳು.

"ಏಯ್, ಆ ಕಡೆಯಿಂದ ಬಾರಪ್ಪ. ಎಡಕ್ಕೆ ಸುತ್ತೋದು ಹೆಣಕ್ಕೆ, ದೇವ್ರಿಗಲ್ಲ."

ನಾನೀಗ ವಿಜಯನಗರದಲ್ಲಿ ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸುತ್ತೇನೆ. "ಲೆಫ್ಟ್ ತಗೊಳ್ಳಿ ಮೇಡಂ, ಹೆದರ್ಬೇಡಿ" ಎಂದು ದಿನವಿಡೀ ಹೇಳುತ್ತೇನೆ. ಹಾಗೆನ್ನುವಾಗ ಈಗಲೂ ಒಳಗೆಲ್ಲೋ ಮೊರ ಕುಟ್ಟಿದ ಸದ್ದಾಗುತ್ತದೆ. ಸ್ಟಿಯರಿಂಗನ್ನು ಉಸಿರು ಕಟ್ಟುವಂತೆ ಹಿಡಿದವರ ಬೆರಳುಗಳನ್ನು ನೋಡಿದರೆ ನನಗೆ ಸಿಟ್ಟು ಬರುವುದಿಲ್ಲ. ಬೇರೆ ಎಲ್ಲದಕ್ಕೂ ಬರುತ್ತದೆ, ಮನೆಯವರನ್ನು ಕೇಳಿ ಬೇಕಾದರೆ. ಹೆದರಿದವರ ಕೈಯಿಂದ ಬಿಗಿ ಬಿಡಿಸುವುದು ಹೇಗೆಂದು ನಾನು ಕಲಿತದ್ದು ಆ ಅಂಗಳದಲ್ಲಿ, ಮುನಿಯ ಎಂಬ ಗಿಡ್ಡ ಕುದುರೆಯ ಹಗ್ಗ ಹಿಡಿದು. ಆಗ ನಾನು ಮಿಡ್ಲ್ ಸ್ಕೂಲಿನಲ್ಲಿದ್ದೆ.

ನಮ್ಮದು ಕುದುರೆ ಸಾಕುವ ಮನೆ. ತಾತ ಜಟಕಾ ಹೊಡೆಯುತ್ತಿದ್ದ. ಅಪ್ಪನ ಕಾಲಕ್ಕೆ ಜಟಕಾ ಹತ್ತುವವರು ಇಲ್ಲವಾದರು, ಮದುವೆ ಗಂಡುಗಳು ಮಾತ್ರ ಉಳಿದರು. ಗಂಡನ್ನು ಚೌಟ್ರಿಯವರೆಗೆ ಮೆರವಣಿಗೆಯಲ್ಲಿ ಕರೆದೊಯ್ಯುವ ಬಿಳಿ ಕುದುರೆ ನಮ್ಮ ಗೌರಿ. ಹೊಲವೆಲ್ಲ ಸೈಟುಗಳಾಗಿ, ಸೈಟುಗಳೆಲ್ಲ ಪವರ್‌ಲೂಮ್ ಶೆಡ್ಡುಗಳೂ ವಠಾರಗಳೂ ಆಗಿ, ನಮಗೆ ಉಳಿದದ್ದು ಮೂರು ಕೋಣೆ, ಶೀಟು ಹೊದಿಸಿದ ಲಾಯ, ಮತ್ತು ಆ ಅಂಗಳ. ಲಾಯಕ್ಕೂ ಅಡುಗೆಮನೆಗೂ ಒಂದೇ ಗೋಡೆ. ಅಮ್ಮ ಒಗ್ಗರಣೆ ಹಾಕಿದರೆ ಆ ಕಡೆ ಕುದುರೆ ಸೀನುತ್ತಿತ್ತು. ಬೆಳಿಗ್ಗೆ ದೊಡ್ಡ ಪಾತ್ರೆಯಲ್ಲಿ ಹುರುಳಿ ಬೇಯುತ್ತಿತ್ತು. ಕಾಳು ಕುದುರೆಗೆ, ಬಸಿದ ಕಟ್ಟು ನಮ್ಮ ಸಾರಿಗೆ. ಮುದ್ದೆ ಮುರಿದು ಆ ಸಾರಿಗೆ ಅದ್ದುವಾಗ, ನಾವೂ ಕುದುರೆಯೂ ಒಂದೇ ಪಾತ್ರೆಯಲ್ಲಿ ಉಂಡವರು ಎಂಬ ಹೆಮ್ಮೆ ನನಗೆ. ಸ್ಕೂಲಿನಲ್ಲಿ ನನ್ನ ಯೂನಿಫಾರ್ಮ್ ಲಾಯದ ವಾಸನೆ ಹೊಡೆಯುತ್ತದೆಂದು ಹುಡುಗಿಯರು ದೂರ ಕೂರುತ್ತಿದ್ದರು. ಕೂತರೆ ಕೂರಲಿ ಎಂದು ನಾನೂ ಇಡೀ ಬೆಂಚಿನ ಮೇಲೆ ಕಾಲು ಚಾಚಿ ಕೂರುತ್ತಿದ್ದೆ.

ಗೌರಿಗೆ ವಯಸ್ಸಾಗುತ್ತಿತ್ತು. ಮೆರವಣಿಗೆ ಮುಗಿದ ಮರುದಿನ ಅವಳ ಮುಂಗಾಲ ಮಂಡಿಗಳು ಊದಿಕೊಂಡಿರುತ್ತಿದ್ದವು. ಅವಳ ನಂತರ ಯಾರು ಎಂದು ಅಪ್ಪ ಯೋಚಿಸಿ, ಇನ್ನೂ ಬೆನ್ನಿನ ಮೇಲೆ ಯಾರನ್ನೂ ಹೊರದ ಒಂದು ಗಂಡುಮರಿಯನ್ನು ಟೆಂಪೋದಲ್ಲಿ ತಂದ. ಕಂದು ಮೈ, ಹಣೆಯ ಮೇಲೆ ಬಿಳಿ ಬೊಟ್ಟು, ಗಿಡ್ಡ ಕಾಲು, ಎದೆ ಮಾತ್ರ ಎತ್ತಿನ ಹಾಗೆ. ಮಂಗಳವಾರ ಮನೆಗೆ ಬಂದನೆಂದು ಅಜ್ಜಿ ಮುನಿಯ ಎಂದು ಹೆಸರಿಟ್ಟಳು. "ಇವ್ನು ನಮ್ಮಪ್ಪ ಮುನೇಶ್ವರನ ಕುದ್ರೆ" ಎಂದು ಕಲ್ಲಿನ ಕುಂಕುಮವನ್ನೇ ಅವನ ಹಣೆಗೂ ಇಟ್ಟಳು. ಮುನಿಯ ಆ ಕುಂಕುಮವನ್ನು ಅವಳ ಬಿಳಿ ಸೀರೆಗೆ ಉಜ್ಜಿ ಒರೆಸಿಕೊಂಡ.

ಅವತ್ತಿನಿಂದ ಅವನ ಪಾಠ ಶುರುವಾಯಿತು. ಅಪ್ಪ ಕಲ್ಲಿನ ಪಕ್ಕ ನಿಂತು ಉದ್ದನೆಯ ಹಗ್ಗ ಹಿಡಿಯುವುದು, ಮುನಿಯ ಅದರ ಕೊನೆಯಲ್ಲಿ ಗುಂಡಗೆ ಸುತ್ತುವುದು. ಮೊದಲು ನಡಿಗೆ, ಆಮೇಲೆ ಸಣ್ಣ ಓಟ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂದು ಅಪ್ಪ ಹೇಳುತ್ತಲೇ ಇದ್ದ. ಬಗ್ಗಿಸುವುದಕ್ಕೆ ನಮಗಿದ್ದ ಜಾಗ ಅದೊಂದೇ, ಅದರ ನಡುವೆ ಕೂತವನು ಮುನೇಶ್ವರ. ಹೀಗಾಗಿ ಕುದುರೆ ಹಾಕಿದ ಸುತ್ತೆಲ್ಲ ಪ್ರದಕ್ಷಿಣೆ, ಪ್ರದಕ್ಷಿಣೆಯೆಲ್ಲ ಬಲಕ್ಕೆ. ಇದನ್ನು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ತಾತನ ಕುದುರೆಗಳು ಹೊಲದ ಬದುಗಳಲ್ಲಿ, ಖಾಲಿ ರಸ್ತೆಗಳಲ್ಲಿ ಎಡಬಲ ಎರಡೂ ತಿರುಗಿ ಕಲಿತಿದ್ದವು. ಗೌರಿ ಬೇರೆಯವರ ಕೈಯಲ್ಲಿ ಪಳಗಿ ನಮ್ಮ ಮನೆಗೆ ಬಂದವಳು. ಮರಿಯಿಂದ ಈ ಅಂಗಳದಲ್ಲೇ ಕಲಿತವನು ಮುನಿಯ ಒಬ್ಬನೇ. ಅವನ ಗೊರಸು ತುಳಿದು ತುಳಿದು ಕಲ್ಲಿನ ಸುತ್ತ ಒಂದು ಹಳ್ಳದ ಉಂಗುರವೇ ಬಿದ್ದಿತ್ತು. ಅಜ್ಜಿ ಅದನ್ನು ನೋಡಿ, ಮನುಷ್ಯರು ಹೊರದ ಹರಕೆಯನ್ನು ಮೂಕಪ್ರಾಣಿ ಸಲ್ಲಿಸುತ್ತಿದೆ ಎಂದು ಕೈ ಮುಗಿಯುತ್ತಿದ್ದಳು.

ವರ್ಷ ತುಂಬುವುದರೊಳಗೆ ಮುನಿಯನ ಬಲ ಅಪ್ಪನನ್ನು ಮೀರಿತು. ಬಲ ಬಂದರೂ ಹದ ಬರಲಿಲ್ಲ. ಅಂಗಳದಲ್ಲಿ ಬುಗುರಿಯಂತೆ ಸುತ್ತುವವನು ರಸ್ತೆಗೆ ಬಂದು ಎಡಕ್ಕೆ ತಿರುಗಬೇಕಾದರೆ ಬೇರೆಯೇ ಪ್ರಾಣಿಯಾಗುತ್ತಿದ್ದ. ತಲೆ ಆಕಾಶಕ್ಕೆತ್ತಿ, ಕುತ್ತಿಗೆಯನ್ನು ಬಲಕ್ಕೇ ಸೊಟ್ಟ ಮಾಡಿಕೊಂಡು, ಎಡಭುಜವನ್ನು ಒಳಗೆ ನೂಕಿ ವಾಲುತ್ತಿದ್ದ. ವಾಲಿದ್ದಕ್ಕೆ ಅವನಿಗೇ ಹೆದರಿಕೆಯಾಗಿ ಓಡುತ್ತಿದ್ದ. ಓಡಿದರೆ ಇನ್ನಷ್ಟು ವಾಲುತ್ತಿದ್ದ. ಒಮ್ಮೆ ಸೊಪ್ಪಿನ ಗಾಡಿಯೊಂದನ್ನು ಹಾಗೇ ಮಗುಚಿ ಹಾಕಿದ. ಅಪ್ಪ ಗಟ್ಟಿ ಕಡಿವಾಣ ತಂದು ಬಾಯಿಗೆ ಹಾಕಿದ. ಮುನಿಯನ ಬಾಯಿಯ ಅಂಚು ಒಡೆದು ರಕ್ತ ಬಂತು. ನಾನು ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚುವಾಗ ಅವನು ನನ್ನ ಹೆಗಲ ಮೇಲೆ ಗದ್ದ ಊರಿ ಉಸಿರು ಬಿಡುತ್ತಿದ್ದ. ನನಗೆ ಅಪ್ಪನ ಮೇಲೆ ಬಂದ ಸಿಟ್ಟನ್ನು ಇವತ್ತು ನೆನೆದರೂ ಕೈ ಮುಷ್ಟಿಯಾಗುತ್ತದೆ. ಅಜ್ಜಿ ಮಾತ್ರ ಯಾರದೋ ಕಣ್ಣು ಬಿದ್ದಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮನೆಯವರೆಲ್ಲ ಕೆಮ್ಮಿದೆವು, ಮುನಿಯ ಸರಿಹೋಗಲಿಲ್ಲ.

ಮದುವೆಗಳಿಲ್ಲದ ಆಷಾಢ ಶುರುವಾಗುವ ಹೊತ್ತಿಗೆ ಅವನ ಮೇಲೆ ಕೂತು ಪಳಗಿಸುತ್ತೇನೆಂದು ಅಪ್ಪ ಸುಂಕದಕಟ್ಟೆ ಕಡೆಗೆ ಹೊರಟ. ನಾನು ಹಿಂದೆ ಸೈಕಲ್ಲಿನಲ್ಲಿದ್ದೆ. ಎಡಕ್ಕೆ ತಿರುಗುವ ಜಾಗದಲ್ಲಿ ಎದುರಿಗೆ ಲಾರಿ ಬಂತು. ಅಪ್ಪ ಲಗಾಮನ್ನು ಎಡಕ್ಕೆ ಜಗ್ಗಿದ. ಮುನಿಯನ ತಲೆ ಮಾತ್ರ ಎಡಕ್ಕೆ ಬಂತು, ಮೈ ಬರಲಿಲ್ಲ. ಕಾಲಿಗೆ ಕಾಲು ತೊಡರಿ, ಬುಡ ಕಡಿದ ಮರದಂತೆ ಅಡ್ಡಬಿದ್ದ. ಲಾರಿ ಬ್ರೇಕ್ ಹಾಕಿ ನಿಂತಾಗ ಅದರ ಚಕ್ರಕ್ಕೂ ಅಪ್ಪನ ತಲೆಗೂ ನಡುವೆ ಒಬ್ಬರು ಕೂರುವಷ್ಟು ಜಾಗವಿರಲಿಲ್ಲ. ಮುನಿಯ ಎದ್ದು ನಿಂತು ನಡುಗುತ್ತಿದ್ದ. ಅಪ್ಪ ಏಳಲಿಲ್ಲ; ಕೂತಲ್ಲೇ ಬಲಗೈಯನ್ನು ಎಡಗೈಯಲ್ಲಿ ಹಿಡಿದು, "ಅವ್ನನ್ ಹಿಡ್ಕೊ ಪುಟ್ಟಿ, ರೋಡಿಗೆ ಓಡ್ತಾನೆ" ಎಂದ.

ಕತ್ತಿನ ಕೆಳಗಿನ ಮೂಳೆ ಮುರಿದಿತ್ತು. ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಅಪ್ಪ, ಜಗಲಿಯ ಮೇಲೆ ಕೂತು ಯಾರ ಮುಖವನ್ನೂ ನೋಡದೆ ಹೇಳಿದ.

"ಶ್ರಾವಣದ ಮೊದಲ ಮೆರವಣಿಗೆ ಹೊತ್ತಿಗೆ ಇವ್ನು ಸರಿ ಹೋಗ್ಲಿಲ್ಲ ಅಂದ್ರೆ ಬಾಬಣ್ಣಂಗೆ ಕೊಟ್ಬಿಡ್ತೀನಿ. ಗಂಡಿನ ಸಮೇತ ಬಿದ್ರೆ ಏನ್ಮಾಡೋದು? ಜೀವದ ಪ್ರಶ್ನೆ."

ಬಾಬಣ್ಣ ಬೇಡವಾದ ಕುದುರೆಗಳನ್ನು ಕೊಂಡೊಯ್ಯುವ ದಲ್ಲಾಳಿ. ಅವನ ಟೆಂಪೋ ಹತ್ತಿದ ಕುದುರೆಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದರೆ ದೊಡ್ಡವರು ಮಾತು ಬದಲಿಸುತ್ತಿದ್ದರು. ಮಕ್ಕಳಿಗೆ ಅಷ್ಟು ಸಾಕು, ಉಳಿದದ್ದನ್ನು ನಾನೇ ಊಹಿಸಿಕೊಂಡೆ. ಅವನು ಮರುವಾರವೇ ಬಂದು, ಮುನಿಯನ ತುಟಿ ಎತ್ತಿ ಹಲ್ಲು ನೋಡಿ, ತೊಡೆಯನ್ನು ಹಿಚುಕಿ, "ಮೈ ಇದೆ" ಎಂದ. ಕಾಫಿ ಕುಡಿದು, ಆಷಾಢ ಕಳೆಯಲಿ ಎಂದು ಹೋದ. ಅವನು ಹಿಚುಕಿದ ಜಾಗವನ್ನು ನಾನು ಸೋಪು ಹಾಕಿ ತೊಳೆದೆ.

ಅಪ್ಪನ ಕೈ ಕಟ್ಟಿದ್ದರಿಂದ ಮುನಿಯನನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಸಂಜೆ ಸ್ಕೂಲಿನಿಂದ ಬಂದು ಅವನ ಬೆನ್ನಿಗೆ ಗೋಣಿಯ ದಿಂಬು ಕಟ್ಟಿ ಸುತ್ತು ಹಾಕಿಸುತ್ತಿದ್ದೆ, ಬಲಕ್ಕೆ. ಆ ದಿಂಬು ಪ್ರತಿ ಸಲವೂ ಒಂದೇ ಪಕ್ಕಕ್ಕೆ ಜಾರುತ್ತಿತ್ತು. ಎಷ್ಟು ಬಿಗಿಯಾಗಿ ಕಟ್ಟಿದರೂ ಅಷ್ಟೆ. ಅಡುಗೆಮನೆಗೆ ಹೋಗಿ ಅಮ್ಮನ ಹತ್ತಿರ ಗೊಣಗಿದೆ. ಅಮ್ಮ ಆಗತಾನೆ ಬೀದಿ ನಲ್ಲಿಯಿಂದ ಬಿಂದಿಗೆ ಹೊತ್ತು ತಂದು ಇಳಿಸಿ ಸೊಂಟ ಹಿಡಿದು ನಿಂತಿದ್ದಳು.

"ಕುದ್ರೆದೇನ್ ಹೇಳ್ತೀಯ, ನನ್ ಸೊಂಟ ನೋಡು. ಮದ್ವೆಯಾಗಿ ಬಂದಾಗಿಂದ ಎಡಗಡೆನೇ ಬಿಂದಿಗೆ. ದೇವ್ರ ಕಡೆ ನೀರು ತುಳುಕ್ಬಾರ್ದಂತೆ, ನಿಮ್ಮಜ್ಜಿ ರೂಲ್ಸು. ಬ್ಲೌಸ್ ಹೊಲಿಯೋ ಟೈಲರ್ ಹೇಳ್ತಾನೆ, ಅಕ್ಕಾ, ನಿಮ್ದು ಒಂದು ಭುಜ ಇಳಿದುಬಿಟ್ಟಿದೆ ಅಂತ."

"ಆ ಕಡೆ ಹೊತ್ರೆ?"

"ಈಗ ಹೊರಕ್ಕಾಗಲ್ಲ ಕಣೇ. ಬಲಗಡೆ ಇಟ್ಕೊಂಡ್ರೆ ಬಿದ್ದೇ ಹೋಗ್ತೀನೇನೋ ಅನ್ಸತ್ತೆ."

ನಾನು ಸೀದಾ ಲಾಯಕ್ಕೆ ಹೋಗಿ ಮುನಿಯನ ಮುಂದೆ ನಿಂತು ಅವನ ಕುತ್ತಿಗೆಯ ಎರಡೂ ಪಕ್ಕಕ್ಕೆ ಕೈ ಇಟ್ಟೆ. ಒಂದು ಪಕ್ಕ ಗಟ್ಟಿಯಾಗಿ ಗಂಟುಗಟ್ಟಿತ್ತು, ಇನ್ನೊಂದು ಪಕ್ಕ ಸಪ್ಪೆ. ಹುರುಳಿ ತೋರಿಸಿ ಬಲಕ್ಕೆ ಕರೆದರೆ ಮೂತಿ ಹೊಟ್ಟೆಯವರೆಗೂ ಬಂತು. ಎಡಕ್ಕೆ ಕರೆದೆ. ಮೂತಿ ಅರ್ಧಕ್ಕೇ ನಿಂತಿತು, ಅವನು ಕಾಲು ಕಿತ್ತು ಇಡೀ ಮೈಯನ್ನೇ ತಿರುಗಿಸಿಕೊಂಡ. ಇವನು ತುಂಟನಲ್ಲ, ಇವನಿಗೆ ದೃಷ್ಟಿ ತಾಗಿಲ್ಲ, ಇವನಿಗೆ ಎಡವೇ ಗೊತ್ತಿಲ್ಲ. ಗೊತ್ತಾಗದಂತೆ ಮಾಡಿದವರು ನಾವು. ಎಷ್ಟು ಸಂತೋಷವಾಯಿತೋ ಅಷ್ಟೇ ಹೊಟ್ಟೆ ಉರಿಯಿತು.

ಅಪ್ಪನಿಗೆ ಹೇಳಿದೆ. ಅವನು ಅಂಗಳದಲ್ಲಿ ಬಿದ್ದಿದ್ದ ಉಂಗುರವನ್ನೇ ನೋಡಿದ.

"ಇರ್ಬೋದು. ಆದ್ರೆ ಎಲ್ಲಿ ಸುತ್ತಿಸ್ತೀಯ? ರೋಡಲ್ಲಿ ಬಸ್ಸು ಲಾರಿ. ಸ್ಕೂಲ್ ಫೀಲ್ಡಿಗೆ ಕುದ್ರೆ ಬಿಡಲ್ಲ. ಪಕ್ಕದ ಸೈಟಿಗೆ ಪಿಲ್ಲರ್ ಎದ್ದಿದೆ."

"ಇಲ್ಲೇ ಸುತ್ತಿಸ್ತೀನಿ."

"ನಿಮ್ಮಜ್ಜಿ ಬದುಕಿರೋತನಕ ಆಗಲ್ಲ, ಬಿಡು."

ನಾನು ಬಿಡಲಿಲ್ಲ. ಅಜ್ಜಿ ಮಧ್ಯಾಹ್ನ ಊಟವಾಗಿ ಒರಗಿಕೊಳ್ಳುವ ಹೊತ್ತು ನೋಡಿ, ಒಂದು ಭಾನುವಾರ ಮುನಿಯನನ್ನು ಅಂಗಳಕ್ಕೆ ತಂದು ಎಡಕ್ಕೆ ತಿರುಗಿಸಿದೆ. ಅವನು ನನ್ನನ್ನು ನಂಬದೆ ನಿಂತ. ಬೆನ್ನು ತಟ್ಟಿದೆ. ಅಡ್ಡಡ್ಡ ಹೆಜ್ಜೆ ಹಾಕುತ್ತ, ಮೂಗಿನಲ್ಲಿ ಬುಸುಗುಟ್ಟುತ್ತ, ಅರ್ಧ ಸುತ್ತು ಬಂದಿರಬೇಕು. ಗೊರಸಿನ ಸದ್ದು ದಿನದ ಹಾಗಿಲ್ಲ ಎಂದು ಅಜ್ಜಿಗೆ ಒಳಗಿನಿಂದಲೇ ತಿಳಿಯಿತೆಂದು ಕಾಣುತ್ತದೆ. ಸೆರಗು ಹೊದೆಯದೆ ಓಡಿ ಬಂದಳು. ಅವಳು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಕೈಯಿಂದ ಹಗ್ಗ ಕಿತ್ತು, ಕೆನ್ನೆಗೆ ಹೊಡೆದಳು.

"ಯಾರ್ ಹೆಣ ನೋಡ್ಬೇಕು ಅಂತ ಸುತ್ತಿಸ್ತಾ ಇದೀಯೇ? ನಿಮ್ಮಪ್ಪಂದಾ? ನಿಂದಾ?"

ಅಜ್ಜಿ ನನ್ನನ್ನು ಯಾವತ್ತೂ ಹೊಡೆದವಳಲ್ಲ. ಅವತ್ತಿನಿಂದ ಅವಳು ಊಟ ಬಿಟ್ಟಳು. ಕಲ್ಲಿನ ಮುಂದೆ ಕೂತು ನೀರು ಕುಡಿಯುವುದು, ಎದ್ದು ಜಗಲಿಗೆ ಬರುವುದು, ಅಷ್ಟೆ. ಅವಳ ತಟ್ಟೆಯ ಮುದ್ದೆ ಬೆಳಿಗ್ಗೆಗೆ ಗೌರಿಯ ಬಾಯಿಗೆ ಹೋಗುತ್ತಿತ್ತು. ಅಮ್ಮ ಪಾತ್ರೆಗಳನ್ನು ಸದ್ದಾಗದಂತೆ ಇಡುತ್ತಿದ್ದಳು. ಗೋಡೆಯಾಚೆ ಮುನಿಯ ಕಾಲಿನಿಂದ ನೆಲ ಕೆರೆಯುವುದು ಮಾತ್ರ ಕೇಳುತ್ತಿತ್ತು. ನನಗೆ ಅಜ್ಜಿಯ ಮೇಲೆ ದ್ವೇಷವೇ ಹುಟ್ಟಿತು. ಒಂದು ಕಲ್ಲಿಗಾಗಿ ಜೀವವಿರುವ ಕುದುರೆಯನ್ನು ಟೆಂಪೋ ಹತ್ತಿಸುತ್ತಾಳಲ್ಲ ಎಂದು ಅಮ್ಮನ ಮುಂದೆ ಅತ್ತೆ. "ಅತ್ತೆಗೊಂದು ಕಾಲ ಸೊಸೆಗೊಂದು ಕಾಲ" ಎಂದು ಸಂದರ್ಭ ಸಿಕ್ಕಾಗೆಲ್ಲ ಕುಟುಕುವ ಅಮ್ಮ, ಅವತ್ತು ಅಜ್ಜಿಯ ಪರವಾಗಿ ಮಾತಾಡಿದಳು.

"ಹಾಗನ್ಬೇಡ. ನಿಮ್ಮಪ್ಪಂಗೆ ಒಬ್ಬ ಅಣ್ಣ ಇದ್ದ, ಗೊತ್ತಾ? ನಿನಗಿಂತ ಚಿಕ್ಕೋನು. ಕರು ಅಟ್ಟಿಸ್ಕೊಂಡು ಆ ಕಲ್ಲಿನ ಸುತ್ತ ಎಡಕ್ಕೆ ಓಡಿದ್ನಂತೆ, ನಗ್ತಾ ನಗ್ತಾ. ಅತ್ತೆ ನೋಡ್ತಾ ಇದ್ರಂತೆ, ಅವರೂ ನಗ್ತಾ ಇದ್ರಂತೆ. ಅದೇ ವಾರ ಜ್ವರ ಬಂತು. ಉಳೀಲಿಲ್ಲ."

ನನ್ನ ಅಳು ನಿಂತಿತು. ಅಜ್ಜಿ ಕಾಯುತ್ತಿದ್ದದ್ದು ಕಲ್ಲನ್ನಲ್ಲ, ನಮ್ಮನ್ನು. ಮೊರ ಕುಟ್ಟಿ ಕುಟ್ಟಿ ಅಷ್ಟು ವರ್ಷ ಅವಳು ಹಾಲಿನವನನ್ನೂ ಮೀಟರಿನವನನ್ನೂ ಕಾಯ್ದಿದ್ದಳು. ಇದು ತಿಳಿದ ಮೇಲೆ ನನಗೆ ದ್ವೇಷ ಮಾಡಲೂ ಆಗಲಿಲ್ಲ, ಮುನಿಯನನ್ನು ಬಿಟ್ಟುಕೊಡಲೂ ಆಗಲಿಲ್ಲ. ಅಂಥ ಇಕ್ಕಟ್ಟು ಆ ವಯಸ್ಸಿಗೆ ಬರಬಾರದು.

ಅಜ್ಜಿಯ ಹತ್ತಿರ ಹೋದೆ. ಕ್ಷಮಿಸು ಎಂದು ಕೇಳಲಿಲ್ಲ, ನನಗೆ ಆ ಪದ ಕಷ್ಟ. "ಒಂದ್ಸಲ ಬಂದು ಮುಟ್ಟಿ ನೋಡಜ್ಜಿ" ಎಂದೆ. ಅವಳು ಗೋಡೆ ಹಿಡಿದು ಎದ್ದಳು. ಮುನಿಯನ ಕುತ್ತಿಗೆಯ ಈ ಪಕ್ಕ ಆ ಪಕ್ಕ ಅಂಗೈ ಇಟ್ಟು ಸವರಿದಳು. ಕಣ್ಣು ಮುಚ್ಚಿ, ಮಗುವಿಗೆ ಎಣ್ಣೆ ತಿಕ್ಕುವವರಂತೆ ಬೆನ್ನಿನುದ್ದಕ್ಕೂ ಕೈ ಎಳೆದಳು. ಬಾಯಿಯ ಗಾಯ ನೋಡಿದಳು. ಆಮೇಲೆ ಅಂಗಳದ ಉಂಗುರವನ್ನು ನೋಡುತ್ತ ನಿಂತಳು. ತಾನು ಹರಕೆ ಎಂದು ಕೈ ಮುಗಿದದ್ದು ಏನು ಮಾಡಿದೆ ಎಂದು ಅವಳಿಗೆ ತಿಳಿಯಿತೋ ಏನೋ.

ಮರುದಿನ ಮಧ್ಯಾಹ್ನ ಅಜ್ಜಿ ತಲೆಗೆ ಸ್ನಾನ ಮಾಡಿ ಬಂದಳು. ಗೇಟು ಮುಚ್ಚಿಸಿದಳು. ಕಲ್ಲಿನ ಮುಂದೆ ಕರ್ಪೂರ ಹಚ್ಚಿ ಏನೋ ಮಾತಾಡಿದಳು, ಜಗಳದ ಹಾಗೂ ಇತ್ತು, ಬೇಡಿಕೆಯ ಹಾಗೂ ಇತ್ತು. ಆಮೇಲೆ ಒಳಗೆ ಹೋಗಿ, ಲಾಯದ ಲದ್ದಿ ಹೊರುವ ಮಂಕರಿಯಲ್ಲ, ರಾಗಿ ತುಂಬುವ ಒಳ್ಳೆಯ ಮಂಕರಿಯನ್ನು ತಂದು, ಮುನೇಶ್ವರನ ಮೇಲೆ ಬೋರಲು ಹಾಕಿದಳು. ದೇವರು ಬುಟ್ಟಿಯೊಳಗೆ ಮಾಯವಾದ. ಜಗಲಿಯ ಮೇಲಿದ್ದ ಅಪ್ಪ ಪಟ್ಟಿ ಕಟ್ಟಿದ ಕೈಯನ್ನೂ ಮರೆತು ಎದ್ದು ನಿಂತ.

"ಅವ್ವಾ, ಏನ್ ಮಾಡ್ತಾ ಇದೀಯ?"

"ಮಲಗ್ಸಿದೀನಿ. ಅವ್ನು ನೋಡ್ದೆ ಇದ್ರೆ ಆಯ್ತಲ್ಲ." ನನ್ನ ಕಡೆ ತಿರುಗಿ ಕೈ ಚಾಚಿದಳು. "ಹಗ್ಗ ಕೊಡು ಇಲ್ಲಿ. ಮೊದಲ್ನೇ ಸುತ್ತು ನಾನ್ ಹಿಡೀತೀನಿ. ಏನಾದ್ರೂ ಆಗೋದಿದ್ರೆ ನಂಗಾಗ್ಲಿ."

ನಾನು ಹಗ್ಗ ಕೊಟ್ಟೆ. ಹೊಟ್ಟೆಗಿಲ್ಲದ ಆ ಮುದುಕಿ, ತನ್ನ ಹತ್ತರಷ್ಟು ಬಲವಿದ್ದ ಪ್ರಾಣಿಯ ಎಡಪಕ್ಕ ನಿಂತು, ಅವನ ಕಡೆ ನೋಡದೆ, ಮಂಕರಿಯ ಕಡೆಯೂ ನೋಡದೆ, ಹಗ್ಗವನ್ನು ಎರಡು ಬೆರಳಲ್ಲಿ ಹಿಡಿದು ನಡೆದಳು. ಮುನಿಯ ವಾಲಿದ. ಅವನ ಭುಜ ಅವಳ ಹೆಗಲಿಗೆ ತಾಗಿತು. ಅವನನ್ನು ತಳ್ಳುವ ಶಕ್ತಿ ಅವಳಿಗಿರಲಿಲ್ಲ, ತಡೆಯುವ ಶಕ್ತಿಯೂ ಇರಲಿಲ್ಲ. ಅವಳು ಸುಮ್ಮನೆ ನಿಂತುಬಿಟ್ಟಳು. ಒರಗಿಕೊಳ್ಳಲು ಗಟ್ಟಿ ಆಸರೆ ಸಿಗದೆ ಅವನೂ ತಬ್ಬಿಬ್ಬಾಗಿ, ಕಾಲು ಅಗಲಿಸಿ, ತನ್ನ ಭಾರವನ್ನು ತಾನೇ ಹೊತ್ತುಕೊಂಡ. ಮತ್ತೆ ನಡೆದಳು. ಮತ್ತೆ ವಾಲಿದ, ಮತ್ತೆ ನಿಂತಳು. ಸುತ್ತು ಮುಗಿಯುವ ಹೊತ್ತಿಗೆ ಅಜ್ಜಿಯ ಮುಖದಲ್ಲಿ ಬೆವರು ಇಳಿಯುತ್ತಿತ್ತು, ತುಟಿ ಬಿಳಿಚಿಕೊಂಡಿತ್ತು. ಹಗ್ಗವನ್ನು ನನ್ನ ಕೈಗಿಟ್ಟು, "ಮುದ್ದೆ ಬಡಿಸೇ" ಎಂದು ಅಮ್ಮನನ್ನು ಕೂಗಿದಳು.

ಮುನಿಯನನ್ನು ಪಳಗಿಸುವ ಗುಟ್ಟು ಆ ಒಂದು ಸುತ್ತಿನಲ್ಲೇ ಇತ್ತು. ಅಪ್ಪ ಇಷ್ಟು ದಿನ ಅವನನ್ನು ಎಳೆದು ಹಿಡಿಯುತ್ತಿದ್ದ; ಹಿಡಿದಷ್ಟೂ ಅವನು ಆ ಹಿಡಿತದ ಮೇಲೆ ಭಾರ ಹಾಕುತ್ತಿದ್ದ. ನಾನು ಹಿಡಿಯುವುದನ್ನು ಬಿಟ್ಟೆ. ವಾಲಿದರೆ ನಿಲ್ಲುವುದು, ಅವನು ನಾಲ್ಕು ಕಾಲಿನ ಮೇಲೆ ನೆಟ್ಟಗಾದ ಮೇಲೆ ನಡೆಯುವುದು. ಹೇಳಲು ಸುಲಭ. ಎರಡು ಸಲ ನನ್ನ ಪಾದ ತುಳಿದ, ಒಂದು ಸಲ ಅಂಗಳದ ಮೂಲೆಯ ಬೇವಿನ ಮರಕ್ಕೆ ಒತ್ತಿ ಹಿಡಿದು ಮೊಣಕೈ ಸುಲಿದ. ಕಿರುಚಬೇಕೆನಿಸಿದಾಗೆಲ್ಲ ಹಲ್ಲು ಕಚ್ಚಿ ನಿಂತೆ. ಮನೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು, ಯಾರಿಗಾದರೂ ಮೈ ಬಿಸಿಯಿದೆಯೇ ಎಂದು. ನನಗೊಂದು ದಿನ ನೆಗಡಿಯಾಗಿ ಸೀನಿದಾಗ ಅಜ್ಜಿ ಹಣೆ ಮುಟ್ಟಲು ಓಡಿ ಬಂದಳು. ಮುಟ್ಟಿ, ಗೋಡೆಗೆ ಒರಗಿ ಕೂತುಬಿಟ್ಟಳು. ಆದರೂ ಮಧ್ಯಾಹ್ನ ಮಂಕರಿ ಹಾಕುವುದನ್ನು ನಿಲ್ಲಿಸಲಿಲ್ಲ. ಎಡಸುತ್ತು ಮುಗಿದ ಮೇಲೆ ಮಂಕರಿ ತೆಗೆದು, ಕರ್ಪೂರ ಹಚ್ಚಿ, ಮುನಿಯನಿಂದ ಒಂದು ಬಲಸುತ್ತು ಹಾಕಿಸಿ ಲೆಕ್ಕ ಸರಿಮಾಡುತ್ತಿದ್ದಳು. ಬರಬರುತ್ತ ಮಂಕರಿ ಕಂಡರೆ ಸಾಕು, ಮುನಿಯ ತಾನಾಗಿಯೇ ಎಡಕ್ಕೆ ತಿರುಗಿ ನಿಲ್ಲುತ್ತಿದ್ದ. ಗೋಣಿಯ ದಿಂಬು ಜಾರುವುದು ಕಡಿಮೆಯಾಯಿತು. ಅಪ್ಪ ಗಟ್ಟಿ ಕಡಿವಾಣವನ್ನು ತಾನೇ ಬಿಚ್ಚಿ ಅಟ್ಟಕ್ಕೆ ಎಸೆದ.

ಶ್ರಾವಣದ ಮೊದಲ ಮೆರವಣಿಗೆ ಗದಗದ ಕಡೆಯಿಂದ ಬಂದು ನಮ್ಮ ಹಿಂದಿನ ಬೀದಿಯಲ್ಲಿ ನೆಲೆಸಿದ ಕುಟುಂಬದ್ದು. ಬೆಳಿಗ್ಗೆ ನೋಡಿದರೆ ಗೌರಿಯ ಮಂಡಿ ಊದಿ ಕಾಲೂರಲಾಗದು. ಬಾಬಣ್ಣನ ಟೆಂಪೋ ಆಗಲೇ ಗೇಟಿನ ಹೊರಗೆ ನಿಂತಿತ್ತು. ಅಪ್ಪ ಗೌರಿಯನ್ನು ನೋಡಿದ, ಟೆಂಪೋ ನೋಡಿದ, ನನ್ನನ್ನು ನೋಡಿದ. "ಸಂಜೆ ತನಕ ಇರಪ್ಪ" ಎಂದು ಬಾಬಣ್ಣನಿಗೆ ಹೇಳಿ ಮುನಿಯನಿಗೆ ಜರಿಯ ಜೀನು ಕಟ್ಟಿದ. ಅಜ್ಜಿ ಬರಲಿಲ್ಲ. ಕಲ್ಲಿನ ಮುಂದೆ ಕೂತು, "ನಾನ್ ಇವ್ನ ಹತ್ರ ಇರ್ತೀನಿ, ನೀವ್ ಹೋಗಿ" ಎಂದಳು.

ಬ್ಯಾಂಡಿನ ಸದ್ದಿಗೆ ಮುನಿಯ ಕಿವಿ ನಿಮಿರಿಸಿದ, ಆದರೂ ನಡೆದ. ಅಪ್ಪ ಪಟ್ಟಿಯಿಲ್ಲದ ಕೈಯಲ್ಲಿ ಲಗಾಮು ಹಿಡಿದಿದ್ದ, ನಾನು ಎಡಪಕ್ಕದಲ್ಲಿದ್ದೆ, ಮೇಲೆ ಬಾಸಿಂಗ ಕಟ್ಟಿದ ಗಂಡು. ಚೌಟ್ರಿಗೆ ಹೋಗಲು ಒಂದು ಕಡೆ ಎಡಕ್ಕೆ ತಿರುಗಬೇಕು. ಕಿರಿದಾದ ಬೀದಿ, ಒಂದು ಬದಿಗೆ ತೆರೆದ ಮೋರಿ. ಸರಿಯಾಗಿ ಅಲ್ಲಿಯೇ ಯಾರೋ ಪಟಾಕಿ ಸರ ಹಚ್ಚಿದರು. ಮುನಿಯ ತಲೆಯೆತ್ತಿದ. ಕುತ್ತಿಗೆ ಬಲಕ್ಕೆ ಸೊಟ್ಟಗಾಯಿತು. ಅವನ ಭುಜ ನನ್ನ ಕಡೆ ಬರುವುದು ಗೊತ್ತಾಯಿತು. ಅಪ್ಪನ ಮುಷ್ಟಿ ಬಿಗಿಯಾಯಿತು. ಅವನ ಕಣ್ಣಲ್ಲಿ ಆ ಲಾರಿಯ ಚಕ್ರವಿತ್ತು.

"ಯಾಕ ನಿಂತ್ರಿ? ನಡೀರಿ ಮುಂದ!" ಎಂದು ಗಂಡಿನ ಸೋದರಮಾವ ಹಿಂದಿನಿಂದ ಕೂಗಿದ.

"ಬಿಡಪ್ಪಾ," ಎಂದೆ. "ಲಗಾಮು ಬಿಡು."

"ಬೀಳ್ತಾನೆ ಕಣೇ."

"ಹಿಡ್ಕೊಂಡ್ರೆ ಬೀಳ್ತಾನೆ. ಬಿಡು!"

ನನ್ನ ಜೀವನದಲ್ಲಿ ಅಪ್ಪನಿಗೆ ನಾನು ಕೊಟ್ಟ ಮೊದಲ ಆಜ್ಞೆ ಅದು. ಅಪ್ಪ ಕೈ ಸಡಿಲಿಸಿದ. ನಾನು ಅಜ್ಜಿಯ ಹಾಗೆ ಸುಮ್ಮನೆ ನಿಂತೆ. ಮೋರಿ ನನ್ನ ಹಿಮ್ಮಡಿಯ ಹಿಂದೆಯೇ ಇತ್ತು, ಮುನಿಯ ಒರಗಿದರೆ ನಾನೂ ಗಂಡೂ ಒಟ್ಟಿಗೆ ಅದರೊಳಗೆ. ಅವನ ಮೈ ಒಮ್ಮೆ ನಡುಗಿತು. ಕಾಲು ಅಗಲಿಸಿದ. ತಲೆ ಇಳಿಸಿದ. ಆಮೇಲೆ ಕುತ್ತಿಗೆಯನ್ನು ಎಡಕ್ಕೆ ಬಾಗಿಸಿ, ಒಳಗಿನ ಕಾಲನ್ನು ಮೈಯಡಿಗೆ ಎಳೆದುಕೊಂಡು, ತಿರುವನ್ನು ನಡೆದು ದಾಟಿದ. ಅಪ್ಪ ಅಳುತ್ತಿದ್ದ, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಮನೆಗೆ ಬಂದಾಗ ಬಾಬಣ್ಣ ಹೊರಟುಹೋಗಿದ್ದ. ಅಜ್ಜಿಯೇ ಕಾಫಿ ಕೊಟ್ಟು ಕಳಿಸಿದ್ದಳಂತೆ, ನಾವು ಬರುವ ಮೊದಲೇ. ಹೇಗೆ ಗೊತ್ತಾಯಿತು ಎಂದು ಕೇಳಿದರೆ, "ಗೊತ್ತಾಗ್ದೆ ಇರೋಕೇನಿದೆ" ಎಂದು ಮೊರ ಹಿಡಿದು ಕೂತಳು.

ಅದಾದ ಮೇಲೆ ಅಜ್ಜಿ ಬಹಳ ವರ್ಷ ಗಟ್ಟಿಯಾಗಿದ್ದಳು. ಮಧ್ಯಾಹ್ನದ ಮಂಕರಿ ನಿಲ್ಲಲಿಲ್ಲ. ಅಮ್ಮ ಬಿಂದಿಗೆಯನ್ನು ಬಲಸೊಂಟಕ್ಕೂ ಬದಲಿಸತೊಡಗಿದಳು, ಅಜ್ಜಿ ನೋಡಿಯೂ ನೋಡದಂತಿದ್ದಳು. ನಾನು ಕಾಲೇಜು ಓದುವಾಗ ಒಂದು ಬೆಳಿಗ್ಗೆ ಅಜ್ಜಿ ಜಗಲಿಯಿಂದ ಏಳಲಿಲ್ಲ.

ಅಂಗಳಕ್ಕೆ ಶಾಮಿಯಾನ ಹಾಕಿ, ಕಲ್ಲಿನ ಪಕ್ಕದಲ್ಲೇ ಚಾಪೆಯ ಮೇಲೆ ಅವಳನ್ನು ಮಲಗಿಸಿದರು. ಸೂತಕದ ಮನೆಯಲ್ಲಿ ದೇವರು ಕಾಣಬಾರದೆಂದು ಅಮ್ಮ ರಾಗಿ ಮಂಕರಿ ತಂದು ಮುನೇಶ್ವರನ ಮೇಲೆ ಮುಚ್ಚಿದಳು. ಜನ ಸೇರುತ್ತಿದ್ದರು. ಬೇವಿನ ಮರಕ್ಕೆ ಕಟ್ಟಿದ್ದ ಮುನಿಯನನ್ನು ಲಾಯಕ್ಕೆ ಸೇರಿಸು ಎಂದು ಅಪ್ಪ ನನಗೆ ಹೇಳಿದ. ಹಗ್ಗ ಬಿಚ್ಚಿದೆ. ಮುನಿಯ ಮಂಕರಿಯನ್ನು ಕಂಡ. ಕಂಡವನೇ ಎಡಕ್ಕೆ ತಿರುಗಿದ. ಮಂಕರಿಯನ್ನೂ ಪಕ್ಕದಲ್ಲಿ ಮಲಗಿದ್ದ ಅಜ್ಜಿಯನ್ನೂ ಎಡಗಡೆಗೆ ಇಟ್ಟುಕೊಂಡು, ಹೂವಿನ ಬುಟ್ಟಿಗಳ ನಡುವೆ ಕಾಲಿಟ್ಟು, ನಿಧಾನವಾಗಿ ಸುತ್ತತೊಡಗಿದ.

"ಏಯ್, ಯಾರಾದ್ರೂ ಕುದ್ರೆ ಹಿಡ್ಕೊಳ್ರೋ!" ಎಂದು ಯಾರೋ ಕೂಗಿದರು.

"ಬಿಡಿ," ಎಂದ ಅಪ್ಪ.

ಹೆಣ್ಣುಮಕ್ಕಳು ಮಸಣಕ್ಕೆ ಹೋಗಿ ಸತ್ತವರನ್ನು ಸುತ್ತುವ ರೂಢಿ ನಮ್ಮಲ್ಲಿಲ್ಲ. ಆದರೆ ಹಗ್ಗ ನನ್ನ ಕೈಯಲ್ಲಿತ್ತು. ಅದನ್ನು ಎರಡೇ ಬೆರಳಲ್ಲಿ ಸಡಿಲವಾಗಿ ಹಿಡಿದು ಮುನಿಯನ ಪಕ್ಕದಲ್ಲಿ ನಾನೂ ಅಜ್ಜಿಯನ್ನು ಸುತ್ತಿದೆ. ಅವನು ಒಮ್ಮೆಯೂ ವಾಲಲಿಲ್ಲ.